ಯಾರೂ ಕೂರದ ತೊಡೆ

ನಮ್ಮ ಕಡೆ ಮಗುವಿನ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಾರೆ. ನನ್ನನ್ನು ಕೂರಿಸಿದ್ದು ಕೊಳಗದ ಮೇಲೆ. ರಾಗಿ ಅಳೆಯುವ ಕೊಳಗವನ್ನು ಬೋರಲು ಹಾಕಿ, ಅದಕ್ಕೊಂದು ಹೊಸ ಟವಲು ಹೊದಿಸಿ, "ಇದೇ ನಿನ್ ಮಾವ ಅಂದ್ಕೊ ಸುನಂದ" ಎಂದು ನಮ್ಮವ್ವ ಚಿಕ್ಕಸಿದ್ದಮ್ಮ ನನ್ನನ್ನು ಒತ್ತಿ ಹಿಡಿದಿದ್ದಳಂತೆ. ಹಾಗಂತ ನನಗೆ ಮಾವ ಇರಲಿಲ್ಲವೆಂದಲ್ಲ. ಇದ್ದ, ಗಟ್ಟಿಮುಟ್ಟಾಗಿಯೇ ಇದ್ದ. ಅಕ್ಕಸಾಲಿ ನನ್ನ ಕಿವಿ ಚುಚ್ಚುವಾಗ ಬೀದಿಯಾಚೆ ಹೊಂಗೆಮರದ ಕೆಳಗೆ ನಿಂತು ನನ್ನ ಅಳು ಕೇಳಿಸಿಕೊಳ್ಳುತ್ತಿದ್ದ. ನಮ್ಮೂರು ಹನಗೋಡಿನ ಹುಡುಗಿಯರು ಬಹಳ ವರ್ಷ ನನ್ನನ್ನು "ಕೊಳಗದ ಸೊಸೆ" ಎಂದು ರೇಗಿಸಿದರು. ನಾನೂ ಬಾಯಿಗೆ ಬಂದದ್ದು ಬೈದು ತೀರಿಸಿಕೊಂಡೆ.

ಬೆಟ್ಟಸ್ವಾಮಿ ಮಾವ ಅವ್ವನ ಒಬ್ಬನೇ ತಮ್ಮ. ಮೈಸೂರು ಮಹಾರಾಜರ ಪಟಾಲಮ್ಮಿಗೆ ಸೇರಿ ಯುದ್ಧಕಾಲದಲ್ಲಿ ಸಿಂಗಾಪುರಕ್ಕೆ ಹೋದ. ಸಿಂಗಾಪುರ ಬಿದ್ದಾಗ ಜಪಾನಿನವರಿಗೆ ಸೆರೆಸಿಕ್ಕ. ಅವನನ್ನು ಹಡಗಿನಲ್ಲಿ ತುಂಬಿ ಯಾವುದೋ ದ್ವೀಪಕ್ಕೆ ಸಾಗಿಸಿದರು. ಆ ದ್ವೀಪದ ಹೆಸರು ಅವನಿಗೆ ಕಡೆಯವರೆಗೂ ತಿಳಿಯಲಿಲ್ಲ. ಅಲ್ಲೊಂದು ತಗಡಿನ ಶೆಡ್ಡು. ಕೆಲವರನ್ನು ಮಾತ್ರ ಆರಿಸಿ, ಅವರಿಗೆ ಉಳಿದವರಿಗಿಂತ ಒಳ್ಳೆಯ ಅನ್ನ ಹಾಕಿ, ಒಬ್ಬ ಡಾಕ್ಟರು ತೊಡೆಗೆ ಸೂಜಿ ಚುಚ್ಚುತ್ತಿದ್ದ. ಆಮೇಲೆ ದಿನಾ ಬಂದು ಜ್ವರ ನೋಡುತ್ತಿದ್ದ. ಔಷಧ ಕೊಡುತ್ತಿರಲಿಲ್ಲ, ನೋಡುತ್ತಿದ್ದ ಅಷ್ಟೆ. ಮಾವನ ಜೊತೆ ಚುಚ್ಚಿಸಿಕೊಂಡವರಿಗೆ ತೊಡೆಸಂದಿಯಲ್ಲಿ ಗಡ್ಡೆ ಎದ್ದು ಒಬ್ಬೊಬ್ಬರೇ ಸತ್ತರು. ಮಾವನಿಗೆ ಜ್ವರ ಬಂತು, ಬಿಟ್ಟಿತು. ತಾನೊಬ್ಬ ಯಾಕೆ ಉಳಿದೆ ಎಂದು ಅವನಿಗೂ ಗೊತ್ತಿರಲಿಲ್ಲ.

ಯುದ್ಧ ಮುಗಿದು ಅವನು ಊರಿಗೆ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ನಮ್ಮಣ್ಣ ತಿಮ್ಮ ಹುಟ್ಟಿದ್ದ. ಮಾವ ಬರಲಿ ಎಂದೇ ಮಗುವಿನ ಮುಡಿ ತೆಗೆಸದೆ ಇಟ್ಟಿದ್ದರು. ಸತ್ತೇ ಹೋದನೇನೋ ಎಂದು ತನ್ನನ್ನು ಅಳಿಸಿದ್ದ ತಮ್ಮ ಬಾಗಿಲಿಗೆ ಬಂದು ನಿಂತಾಗ ಅವ್ವ ಅವನ ಕಾಲಿಗೆ ನೀರು ಸುರಿದು, ಆ ವಾರವೇ ಮುಡಿ ತೆಗೆಸುವ ಶಾಸ್ತ್ರ ಇಟ್ಟುಕೊಂಡಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲಿಗೆ ಕತ್ತರಿ ಇಟ್ಟವನು ಮಾವನೇ. ಮಗು ನಗುತ್ತಾ ಅವನ ಮೀಸೆ ಹಿಡಿದಿತ್ತಂತೆ. ಕೆಲವೇ ದಿನಗಳಲ್ಲಿ ತಿಮ್ಮನಿಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು, ಹೋಗಿಬಿಟ್ಟ.

ಗಡ್ಡೆ ನೋಡಿದ ಕೂಡಲೇ ಮಾವ ಎದ್ದು ಹೊರಗೆ ಹೋದನಂತೆ. ಮಣ್ಣು ಮಾಡುವುದಕ್ಕೂ ಹತ್ತಿರ ಬರಲಿಲ್ಲ. ಅವತ್ತಿನಿಂದ ಊರಿನೊಳಗೆ ಮಲಗಲಿಲ್ಲ. ಆಗತಾನೆ ನಮ್ಮ ಕಡೆ ಹೊಗೆಸೊಪ್ಪಿನ ಬೇಸಾಯ ಹಿಡಿಯುತ್ತಿತ್ತು. ಊರಾಚೆಯ ಬ್ಯಾರನ್ನಿನಲ್ಲಿ, ಎಂದರೆ ಬಿಸಿ ಕೊಟ್ಟು ಸೊಪ್ಪು ಬೇಯಿಸುವ ಮನೆಯಲ್ಲಿ, ಬೆಂಕಿ ಕಾಯುವವರು ಬೇಕಾಗಿತ್ತು. ಒಬ್ಬನೇ ಇರಬೇಕಾದ ಕೆಲಸ, ಯಾರಿಗೂ ಬೇಡದ ಕೆಲಸ. ಮಾವ ಅದನ್ನು ಕೇಳಿ ಪಡೆದುಕೊಂಡ. ಮದುವೆಯ ಮಾತೆತ್ತಿದವರಿಗೆ, "ನನ್ನೊಳಗೆ ಮಾರಿ ಕೂರ್ಸವ್ರೆ ಕಣ್ರಪ್ಪ, ಗಡಿ ದಾಟಿಸೋರು ಯಾರೂ ಇಲ್ಲ" ಎನ್ನುತ್ತಿದ್ದ. ಊರಿಗೆ ಮಾರಿ ಬಂದರೆ ಮೊರದಲ್ಲಿಟ್ಟು ಪಕ್ಕದ ಊರಿನ ಎಲ್ಲೆಗೆ ಕಳಿಸುತ್ತೇವಲ್ಲ, ಆ ಲೆಕ್ಕ ಅವನದು. ಮನುಷ್ಯನೊಳಗೆ ಕೂತವಳನ್ನು ಯಾವ ಎಲ್ಲೆಗೆ ಕಳಿಸುವುದು?

ಇಷ್ಟು ಕೇಳಿ ಅವನನ್ನು ಸದಾ ಮೋರೆ ಇಳಿಬಿಟ್ಟವನು ಎಂದುಕೊಳ್ಳಬೇಡಿ. ಮಾತಿನಲ್ಲಿ ಬಲು ಕುಶಾಲು. ನಾನು ಅವನ ಊಟದ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆ. ದೂರದಿಂದಲೇ ಕೈಯೆತ್ತಿ, "ತಡಿ ಕಣವ್ವ, ಅಲ್ಲೇ ನಿಂತ್ಕೊ" ಎನ್ನುತ್ತಿದ್ದ. ನಾನು ಕಲ್ಲಿನ ಮೇಲೆ ಬುತ್ತಿ ಇಟ್ಟು ಹಿಂದೆ ಸರಿದ ಮೇಲೆ ಬಂದು ಎತ್ತಿಕೊಳ್ಳುತ್ತಿದ್ದ. ಉಂಡು, ಮುದ್ದೆ ಗಟ್ಟಿಯಾಗಿದ್ದರೆ, "ನಿಮ್ಮವ್ವ ಇದನ್ನ ನಮ್ ಪಟಾಲಮ್ಮಿಗೆ ಕೊಟ್ಟಿದ್ರೆ ಗುಂಡೇ ಬೇಕಾಯ್ತಿರ್ನಿಲ್ಲ" ಎಂದು ಕೂಗುತ್ತಿದ್ದ. ಸೆರೆಯಲ್ಲಿ ಕಲಿತ ಮಲಯ ಭಾಷೆಯ ಎಣಿಕೆ ಹೇಳಿಕೊಟ್ಟ: ಸಾತು, ದುವಾ, ತಿಗಾ. ಬೆಂಕಿಯ ಆ ಕಡೆ ಅವನು, ಈ ಕಡೆ ನಾನು. ಒಂದು ದಿನ ನಾನು ಎಡವಿ ಬಿದ್ದು ಮಂಡಿ ಒಡೆದುಕೊಂಡೆ. ಓಡಿಬಂದವನು ಮಾರು ದೂರದಲ್ಲಿ ನಿಂತುಬಿಟ್ಟ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಅವನ ಕಣ್ಣಲ್ಲಿ ನೀರು ನೋಡಿ ನನಗೆ ನೋವಿಗಿಂತ ಸಿಟ್ಟೇ ಹೆಚ್ಚು ಬಂತು.

ಕಂಠಪ್ಪ ಮೇಷ್ಟ್ರು ಬಂದದ್ದು ಅರವತ್ತೆಂಟರಲ್ಲಿ. ಮೈಸೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದವರು. ಕೊಡೆ ಹಿಡಿದು ಊರೂರು ಅಲೆದು ವೀರಗಲ್ಲು ಓದುವ ಹುಚ್ಚು ಅವರಿಗೆ. ಬ್ಯಾರನ್ನಿನ ಪಕ್ಕದಲ್ಲೊಂದು ವೀರಗಲ್ಲಿತ್ತು. ಅದಕ್ಕೆ ಸುಣ್ಣದ ನೀರು ಬಳಿದು ಬಗ್ಗಿ ನೋಡುತ್ತಿದ್ದಾಗ ಮಾವ ದೂರದಿಂದ ಕೇಳಿದನಂತೆ: "ಯುದ್ಧಕ್ ಓಗಿದ್ದೋರ್ ಇಸ್ಯ ಓದೋರಾ ನೀವು? ಅಂಗಾದ್ರೆ ಸೂಜಿ ಆಕ್ದೋರ್ ಇಸ್ಯ ನಿಮ್ಗೊತ್ತಾ?"

ಮೇಷ್ಟ್ರು ಕಲ್ಲು ಬಿಟ್ಟು ಬೆಂಕಿಯ ಹತ್ತಿರ ಬಂದು ಕೂತವರು ಕಡೆಯ ಬಸ್ಸಿನವರೆಗೂ ಏಳಲಿಲ್ಲ. ಆಮೇಲೆ ರಜೆ ಸಿಕ್ಕಾಗಲೆಲ್ಲ ಬರತೊಡಗಿದರು. ಯುದ್ಧದಲ್ಲಿ ರೋಗವನ್ನೇ ಮದ್ದುಗುಂಡು ಮಾಡಲು ಹೊರಟವರಿದ್ದರು, ಸೆರೆಯಾಳುಗಳ ಮೈಮೇಲೆ ಅದನ್ನು ಪರೀಕ್ಷೆ ಮಾಡಿದ್ದರು ಎಂದು ನಮಗೆ ಹೇಳಿದವರು ಅವರೇ. ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ನನಗೆ ಅದು ಹಿಡಿಸಲಿಲ್ಲ. ಅವರಿಗೆ ನಮ್ಮ ಮಾವ ಇನ್ನೊಂದು ಶಾಸನದ ಕಲ್ಲು, ಉಜ್ಜಿ ಉಜ್ಜಿ ಓದುತ್ತಿದ್ದಾರೆ ಎನಿಸುತ್ತಿತ್ತು. ಶೆಡ್ಡಿನ ಬಾಗಿಲು ಯಾವ ದಿಕ್ಕಿಗಿತ್ತು, ಡಾಕ್ಟರು ಕನ್ನಡಕ ಹಾಕುತ್ತಿದ್ದನೇ, ಸತ್ತವರನ್ನು ಸುಟ್ಟರೇ ಹೂತರೇ? ಮಾವ ಎಲ್ಲಕ್ಕೂ ಉತ್ತರ ಕೊಟ್ಟ. ಪಂಚೆ ಸರಿಸಿ ತೊಡೆಯ ಕಲೆ ತೋರಿಸಿದ. ಬದಲಿಗೆ ಕೇಳಿದ್ದು ಒಂದೇ.

"ನಂಗೇನ್ ಆಕಿದ್ರು ಅಂತ ಪತ್ತೆ ಮಾಡ್ಕೊಡಿ ಮೇಷ್ಟ್ರೇ. ನಮ್ಮಕ್ಕನ್ ಮಗ ಅದ್ರಿಂದ್ಲೇ ಸತ್ನಾ, ಇಲ್ವಾ? ಅಷ್ಟು ಸಾಕು."

ಮೇಷ್ಟ್ರು ಹುಡುಕುತ್ತೇನೆಂದು ಮಾತು ಕೊಟ್ಟರು. ನಮ್ಮ ಮನೆಗೂ ಬಂದು ಕೇಳಿದರು: ತಿಮ್ಮನಿಗೆ ಜ್ವರ ಬರುವ ಮೊದಲು ಊರಲ್ಲಿ ಇಲಿ ಬಿದ್ದಿತ್ತೇ? ಆ ಕಾಲದಲ್ಲಿ ಪ್ಲೇಗು ನಮಗೇನು ಹೊಸದಲ್ಲ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಮೊದಲೇ ಇಲಿ ಬಿದ್ದಿದ್ದರೆ ಅದು ಊರಿನ ರೋಗ, ಮಾವನದಲ್ಲ. "ಪಿರಿಯಾಪಟ್ಟಣದ ಕಡೆ ಬಿದ್ದಿತ್ತು ಅಂತಿದ್ರು, ನಮ್ಮೂರಲ್ಲಿ ಇಲ್ಲ" ಎಂದಳು ಅವ್ವ. ನಮ್ಮಪ್ಪ ನಿಂಗಯ್ಯ, "ಅಟ್ಟದ ಮೇಲೆ ಒಂದು ಬಿದ್ದಿತ್ತು ಕಣೆ" ಎಂದ. ಅದು ಮಗು ಹೋಗುವ ಮೊದಲೋ ಆಮೇಲೋ ಎಂದರೆ ಅವನಿಗೆ ನೆನಪಿಲ್ಲ. ಒಂದು ಸತ್ತ ಇಲಿಯ ವಿಷಯಕ್ಕೆ ಅವರಿಬ್ಬರೂ ಅವತ್ತು ಜಗಳವಾಡಿ, ಕಡೆಗೆ ಅವ್ವ ಗೊಳೋ ಎಂದು ಅತ್ತಳು.

ಮಾವನಿಗೆ ಮಾತ್ರ ಆಸೆ ಹುಟ್ಟಿಬಿಟ್ಟಿತ್ತು. ಗಡ್ಡ ಬೋಳಿಸತೊಡಗಿದ. ಮಂಚವನ್ನು ಬ್ಯಾರನ್ನಿನ ಹಿಂದಿನಿಂದ ರಸ್ತೆಯ ಕಡೆಗೆ ತಂದು ಹಾಕಿಕೊಂಡ. ಅಷ್ಟರಲ್ಲಿ ನನಗೆ ಕೃಷ್ಣರಾಜನಗರದ ಕಡೆಯಿಂದ ಗಂಡು ಗೊತ್ತಾಯಿತು. ಹೆಣ್ಣನ್ನು ಎತ್ತಿಕೊಂಡು ಹಸೆಮಣೆಗೆ ತರಬೇಕಾದವನು ಸೋದರಮಾವ. ನಾನೇ ಬ್ಯಾರನ್ನಿಗೆ ಹೋಗಿ ಹೇಳಿದೆ: "ಕಿವಿ ಚುಚ್ಚೋವಾಗ ಕೊಳಗ ಆಯ್ತು. ಮದ್ವೆಗೂ ಕೊಳಗ ಎತ್ಕೊಂಡ್ ಬರ್ತದಾ ನನ್ನ?"

ಮಾವ ಬಿದ್ದು ಬಿದ್ದು ನಕ್ಕ. ಆಮೇಲೆ, "ಮೇಷ್ಟ್ರು ಬರ್ಲಿ ಕಣವ್ವ. ತಿಮ್ಮ ನಿನ್ನಿಂದ ಸತ್ತಿಲ್ಲ ಅಂತ ಅವ್ರು ಅಂದ್ರೆ ನಾನೇ ಎತ್ಕೋತೀನಿ. ನೀನೊಸಿ ಕಮ್ಮಿ ಉಣ್ಣು" ಎಂದ. ಒಂದು ಬಿಳಿ ಪಂಚೆ ಕೊಂಡು, ಒಗೆದು, ಮಡಿಸಿ, ದಿಂಬಿನ ಕೆಳಗೆ ಇಟ್ಟುಕೊಂಡ.

ಮೇಷ್ಟ್ರು ಆ ಬೇಸಿಗೆ ರಜದಲ್ಲಿ ಯುದ್ಧಕಾಲದ ಕಾಗದಪತ್ರ ಹುಡುಕಲು ದೆಹಲಿಗೆ ಹೋಗಿದ್ದರು. ಲಗ್ನಕ್ಕೆ ವಾರವಿದ್ದಾಗ, ಬೆಳಗಿನ ಬಸ್ಸಿಗೆ ಬಂದು ನೇರ ಬ್ಯಾರನ್ನಿಗೆ ನಡೆದರು. ಸುದ್ದಿ ತಿಳಿದು ನಾನೂ ಅವ್ವನೂ ಓಡಿದೆವು. ಮಾವ ಆಗಲೇ ಆ ಪಂಚೆ ಉಟ್ಟು ನಿಂತಿದ್ದ.

"ಬೆಟ್ಟಸ್ವಾಮಿ, ನಾನು ಡಾಕ್ಟರ ಹತ್ತಿರ ವಿಚಾರಿಸಿದ್ದೀನಿ. ಇಷ್ಟು ವರ್ಷ ಆದಮೇಲೆ ನಿಮ್ಮ ಮೈಯಲ್ಲಿ ಏನೂ ಇರೋದಿಲ್ಲ. ಯಾರನ್ನ ಬೇಕಾದರೂ ಮುಟ್ಟಿ" ಎಂದರು ಮೇಷ್ಟ್ರು.

"ಈಗಿಂದು ಬುಡಿ ಮೇಷ್ಟ್ರೇ. ಆಗ?"

ಮೇಷ್ಟ್ರು ಕೊಡೆಯನ್ನು ನೆಲಕ್ಕೆ ಊರಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು. ಶರಣಾಗುವ ಮೊದಲು ಜಪಾನಿನವರು ತಮ್ಮ ಕಾಗದಗಳನ್ನು ಸುಟ್ಟಿದ್ದರು. ಸುಡದೆ ಉಳಿದದ್ದು ಗೆದ್ದವರ ಕೈಸೇರಿತು, ಅವರು ಬೀಗ ಹಾಕಿಕೊಂಡರು. ಆ ಡಾಕ್ಟರುಗಳಲ್ಲಿ ಎಷ್ಟೋ ಮಂದಿಗೆ ಶಿಕ್ಷೆಯೂ ಆಗಲಿಲ್ಲ. ಮಾವನಿದ್ದ ದ್ವೀಪ ಯಾವುದೆಂದು ಕೂಡ ಮೇಷ್ಟ್ರಿಗೆ ಗೊತ್ತಾಗಿರಲಿಲ್ಲ. ಚುಚ್ಚಿದ್ದು ರೋಗವೋ, ಬರೀ ಉಪ್ಪುನೀರೋ; ಹೋಲಿಸಿ ನೋಡಲು ಕೆಲವರಿಗೆ ಉಪ್ಪುನೀರು ಚುಚ್ಚುವುದೂ ಉಂಟಂತೆ. ಇದನ್ನೆಲ್ಲ ನಿಧಾನವಾಗಿ ಹೇಳಿ, ಕಡೆಗೆ, "ಇನ್ನು ಯಾವತ್ತೂ ಗೊತ್ತಾಗೋದಿಲ್ಲ ಅಂತ ಕಾಣುತ್ತೆ" ಎಂದರು.

ನನಗೆ ತಡೆಯಲಾಗಲಿಲ್ಲ. "ಇಲ್ಲ ಅಂದ್ಬುಡಿ ಮೇಷ್ಟ್ರೇ! ಒಂದ್ ಮಾತು, ಇಲ್ಲ ಅಂದ್ರೆ ನಿಮ್ ಗಂಟೇನೋಯ್ತದೆ?" ಎಂದು ಕಿರುಚಿದೆ.

ಅವರ ಮುಖ ಬಾಡಿತು. "ಹಾಗೆ ಹೇಳೋಕೆ ನನ್ನ ಹತ್ತಿರ ಆಧಾರ ಇಲ್ಲಮ್ಮ" ಎಂದರು.

ಅವ್ವ ಮುಂದೆ ಹೋದಳು. "ಆಧಾರ ನಾನು ಕಣ್ಲಾ. ಎತ್ತವ್ವ ನಾನು, ಮಣ್ಣಿಗಿಟ್ಟೋಳು ನಾನು. ನೀ ಕೊಂದಿಲ್ಲ ಅಂತ ನಾನ್ ಏಳ್ತಾ ಇವ್ನಿ. ಬಾ ಮನೆಗೆ."

ಮಾವ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ನಿಂಗೆ ನನ್ ಮ್ಯಾಲೆ ಅಕ್ಕರೆ ಕಣಕ್ಕ, ಅದ್ಕೆ ಅಂಗಂತೀಯ. ಮೇಷ್ಟ್ರು ಸುಳ್ಳು ಏಳಾಕಿಲ್ಲ." ಆಮೇಲೆ ಅವರ ಕಡೆ ತಿರುಗಿ ಕೈಮುಗಿದು, "ದೊಡ್ಡ ಉಪಕಾರ ಆಯ್ತು" ಎಂದ. ಅದರಲ್ಲಿ ಕೊಂಕು ಇರಲಿಲ್ಲ. ಮೇಷ್ಟ್ರು ಅಲ್ಲೇ ಕುಕ್ಕರಿಸಿ ಕೂತು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅವರನ್ನು ಆ ಕ್ಷಣ ಎಷ್ಟು ದ್ವೇಷಿಸಿದೆನೆಂದರೆ, ಅವರಿಗೆ ಕುಡಿಯಲು ನೀರು ಕೂಡ ಕೊಡಲಿಲ್ಲ.

ನನ್ನನ್ನು ಹಸೆಮಣೆಗೆ ಎತ್ತಿ ತಂದವನು ದೂರದ ಸಂಬಂಧದ ಲಿಂಗಣ್ಣ. ಅವನ ಸೊಂಟ ಉಳುಕಿತು, ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಗಂಡನ ಊರಿಗೆ ಹೊರಟಾಗ ನಮ್ಮ ಗಾಡಿ ಬ್ಯಾರನ್ನಿನ ಮುಂದೆ ಹಾಯಬೇಕಿತ್ತು. ಮಾವ ರಸ್ತೆಯ ಬದಿಯಲ್ಲಿ ಅದೇ ಬಿಳಿ ಪಂಚೆ ಉಟ್ಟು, ಮುಷ್ಟಿಯಲ್ಲಿ ಅಕ್ಷತೆ ಹಿಡಿದು ನಿಂತಿದ್ದ. ಗಾಡಿ ನಿಲ್ಲಿಸಲು ಹೇಳಿದೆ. ಅವನು ಹತ್ತಿರ ಬರಲಿಲ್ಲ. "ಸಾತು, ದುವಾ, ತಿಗಾ" ಎಂದು ಎಣಿಸಿ ಎಸೆದ. ಅಕ್ಷತೆ ನನ್ನವರೆಗೂ ಬರಲಿಲ್ಲ, ಎತ್ತಿನ ಬೆನ್ನ ಮೇಲೆ ಉದುರಿತು.

ಅದಾದ ಮೇಲೆ ಅವನ ಕುಶಾಲು ನಿಂತುಹೋಯಿತೆಂದು ಅವ್ವ ಹೇಳುತ್ತಿದ್ದಳು. ಮಂಚ ಮತ್ತೆ ಬ್ಯಾರನ್ನಿನ ಹಿಂದಕ್ಕೆ ಹೋಯಿತು. ಎಪ್ಪತ್ತೈದರಲ್ಲಿ, ಸೊಪ್ಪು ಬೇಯಿಸುವ ಕಾಲದಲ್ಲೇ, ಕೆಮ್ಮಿ ಕೆಮ್ಮಿ ಅಲ್ಲೇ ಸತ್ತ. ಅಷ್ಟೂ ವರ್ಷದ ಹೊಗೆ ಎದೆಗೆ ಇಳಿದಿತ್ತು, ಬೇರೇನೂ ಅಲ್ಲ ಎಂದು ಹುಣಸೂರಿನ ಡಾಕ್ಟರು ಹೇಳಿದರೂ ಹೆಣ ಎತ್ತಲು ಊರಿನವರು ಬರಲಿಲ್ಲ. ಅವರನ್ನು ಬೈದು ಏನು ಪ್ರಯೋಜನ? ನನ್ನನ್ನು ಮುಟ್ಟಬೇಡಿ ಎಂದು ಅಷ್ಟು ಕಾಲ ಅವರಿಗೆ ಕಲಿಸಿದವನು ಅವನೇ. ನಮ್ಮಪ್ಪ, ನನ್ನ ಗಂಡ, ಲಿಂಗಣ್ಣ ಹೆಗಲು ಕೊಟ್ಟರು. ಇನ್ನೊಂದು ಹೆಗಲು ಸುದ್ದಿ ಕೇಳಿ ಬಂದ ಕಂಠಪ್ಪ ಮೇಷ್ಟ್ರದು. ಅದಕ್ಕೂ ಮೊದಲು ಅವನನ್ನು ತೊಳೆದು, ಆ ಬಿಳಿ ಪಂಚೆ ಉಡಿಸಿದವರು ನಾನೂ ಅವ್ವನೂ. ಮಾವನನ್ನು ನಾನು ಮುಟ್ಟಿದ್ದು ಅದೇ ಮೊದಲು. ತೊಡೆಯ ಮೇಲೆ ಆ ಕಲೆ ಇತ್ತು, ಕಾಳಿನಷ್ಟು ಚಿಕ್ಕದು.

ಮಣ್ಣು ಮಾಡಿ ಬಂದು ಎಲ್ಲರಂತೆ ತಲೆಗೆ ಸ್ನಾನ ಮಾಡಿದೆ. ಆಮೇಲೆ, ಯಾಕೆಂದು ನನ್ನನ್ನೇ ಕೇಳಿಕೊಳ್ಳದೆ, ಸೀಗೆಪುಡಿ ಹಾಕಿ ಕೈಗಳನ್ನು ಮತ್ತೊಮ್ಮೆ ಉಜ್ಜಿದೆ. ಮಾವನ ಮೈಯಲ್ಲಿ ಏನೂ ಇರಲಿಲ್ಲವೆಂದು ಮೇಷ್ಟ್ರು ನನ್ನೆದುರೇ ಹೇಳಿದ್ದರು. ನಾನು ನಂಬಿಯೂ ಇದ್ದೆ. ಜಗಲಿಗೆ ಬಂದು ಕೂತೆ. ಬೆಳಗ್ಗಿನಿಂದ ನನ್ನನ್ನು ಕಾಣದಿದ್ದ ನನ್ನ ಮಗಳು ಎರಡೂ ಕೈ ಚಾಚಿಕೊಂಡು, ತೊಡೆಯೇರಲು ಓಡಿಬಂದಳು.

"ತಡಿ ಕಣವ್ವ, ಅಲ್ಲೇ ನಿಂತ್ಕೊ" ಎಂದೆ.