ಭಾನುಪ್ರಿಯಾ ಬರೆದ ಐದು ಸಾಲಿನ ಪಾಠ

ತಾಯಿ ತೀರಿಕೊಂಡ ಮೇಲೆ ಇಂಗ್ಲಿಷ್ ಟೀಚರ್ ಭಾನುಪ್ರಿಯಾ ಚಿಂತಾಮಣಿಯ ಮನೆ ಬಿಟ್ಟು, ಗೌರಿಬಿದನೂರಿನ ಹೈಸ್ಕೂಲಿಗೆ ವರ್ಗ ಮಾಡಿಸಿಕೊಂಡು ಬಂದಳು. ಮದುವೆಯಾಗಿರಲಿಲ್ಲ. ಭಾನುವಾರ ಕಳೆಯುವುದೇ ಕಷ್ಟವಾದಾಗ, ಹತ್ತಿರದ ಕುಡುಮಲಕುಂಟೆಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಂಗಸರಿಗೆ ಇಂಗ್ಲಿಷ್ ಕಲಿಸತೊಡಗಿದಳು.

ಮೊದಲು ಶಾಲೆಯ ಪುಸ್ತಕವನ್ನೇ ಹಿಡಿದಳು. ಪಾಠ ಮುಗಿಯುವಷ್ಟರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಆಮೇಲೆ ಪುಸ್ತಕ ಬದಿಗಿಟ್ಟು, ಫ್ಯಾಕ್ಟರಿ ಗೇಟಿನ ನೋಟಿಸು, ಶಾಂಪೂ ಪ್ಯಾಕೆಟ್ಟಿನ ಹಿಂಬದಿ, ಇಂಥ ಎರಡು ಮೂರು ಸಾಲುಗಳನ್ನು ಬೋರ್ಡಿಗೆ ಬರೆದು ಓದಿಸಿದಳು. ಮಗಳ ಮದುವೆ ಮಾಡಿ, ಮುರುಗಮಲ್ಲದ ಕಡೆಯಿಂದ ಬಂದು ರೂಮಿನಲ್ಲಿ ಒಂಟಿಯಾಗಿದ್ದ ಕೊಂಡಮ್ಮ, ಮಾತ್ರೆ ಕವರಿನ ಮೇಲೆ 'ಆಫ್ಟರ್ ಫುಡ್' ಎಂದು ಓದಿ, "ಇಷ್ಟು ದಿನ ಬರೀ ಹೊಟ್ಟೇಲಿ ನುಂಗ್ತಿದ್ದೆ" ಎಂದು ನಕ್ಕಳು.

ಒಂದು ವಾರ ಏನೂ ಸಿಗದೆ ಭಾನುಪ್ರಿಯಾ ತಾನೇ ಇಂಗ್ಲಿಷಿನಲ್ಲಿ ಐದು ಸಾಲು ಬರೆದಳು. ಒಬ್ಬ ಹೆಂಗಸು ಸಂಜೆ ಮನೆಗೆ ಬರುತ್ತಾಳೆ. ಬೀಗ ತೆಗೆಯುತ್ತಾಳೆ. ಮಾತಿನ ಸದ್ದಿರಲೆಂದು ಟೀವಿ ಹಾಕುತ್ತಾಳೆ. ಒಬ್ಬಳಿಗಾಗುವಷ್ಟು ಅನ್ನ ಮಾಡುತ್ತಾಳೆ. ಉಂಡು ಮಲಗುತ್ತಾಳೆ. ಕೆಳಗೊಂದು ಪ್ರಶ್ನೆ: ಅವಳಿಗಾಗಿ ಕಾಯುವವರು ಯಾರು?

"ನೋಬಡಿ" ಎಂದು ಎಲ್ಲರೂ ಒಟ್ಟಿಗೆ ಹೇಳಿದರು. 'ಗುಡ್' ಎನ್ನಹೋದ ಭಾನುಪ್ರಿಯಾ ತಿರುಗಿ ಬೋರ್ಡು ಒರೆಸತೊಡಗಿದಳು.

ಎಲ್ಲರೂ ಹೋದ ಮೇಲೆ ಕೊಂಡಮ್ಮ ಉಳಿದಳು. "ಏಮಿ ಮೇಡಂ, ಅದು ನಿಮ್ ಕತೇನೇ ಅಲ್ವಾ?"

"ಇಲ್ಲಮ್ಮ, ಸುಮ್ನೆ ಪಾಠಕ್ಕೆ ಅಂತ ಬರ್ದಿದ್ದು."

"ನಂದೂ ಹಂಗೇ ಐತೆ. ಟೀವಿ ಒಂದಿಲ್ಲ, ಅಷ್ಟೇ."

ಅಂದಿನಿಂದ ಪಾಠ ಮುಗಿದ ಮೇಲೆ ಇಬ್ಬರೂ ಬಸ್‌ಸ್ಟ್ಯಾಂಡಿನವರೆಗೆ ನಡೆದು, ಟೀ ಕುಡಿದು ಬೇರೆಯಾಗುತ್ತಿದ್ದರು.

ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆ ಊರಿಗೆ ಹೋದ ಕೊಂಡಮ್ಮ ಮರಳಲಿಲ್ಲ. ತರಗತಿಗೆ ಹೊಸಬರು ಬಂದರು. ಆ ಐದು ಸಾಲನ್ನು ಭಾನುಪ್ರಿಯಾ ಮತ್ತೆ ಯಾರಿಗೂ ಓದಿಸಲಿಲ್ಲ.

ಒಂದು ಸಂಜೆ ಕೊಂಡಮ್ಮನ ಫೋನು ಬಂತು. "ಹೌ ಆರ್ ಯು ಮೇಡಂ?"

"ಫೈನ್, ಕೊಂಡಮ್ಮ."

"ಅದು ಪಾಠದಾಗಿನ ಉತ್ತರ. ನಿಜ ಹೇಳಿ."

ಭಾನುಪ್ರಿಯಾ ಟೀವಿಯ ಸದ್ದು ತಗ್ಗಿಸಿದಳು. "ಬೇಜಾರಾಗುತ್ತೆ ಕಣಮ್ಮ. ನೀನಿದ್ದಾಗ ಇಷ್ಟಿರ್ಲಿಲ್ಲ."

"ಬನ್ನಿ ಮತ್ತೆ, ಮಗು ನೋಡ್ಕೊಂಡ್ ಹೋಗೀರಂತೆ."

ಭಾನುವಾರದ ಪಾಠಕ್ಕೆ ರಜೆ ಹೇಳಿ ಭಾನುಪ್ರಿಯಾ ಹೋದಳು. ಮನೆ ತುಂಬ ನೆಂಟರು. ಕೊಂಡಮ್ಮನಿಗೆ ಕೂತು ಮಾತಾಡಲು ಪುರಸೊತ್ತಿಲ್ಲ. ಮಗುವನ್ನು ಮಾತ್ರ ತಂದು ಇವಳ ಮಡಿಲಲ್ಲಿಟ್ಟಳು. ಅದು ನಿದ್ದೆ ಹೋಯಿತು. ಎಬ್ಬಿಸಬಾರದೆಂದು ಭಾನುಪ್ರಿಯಾ ಕಾಲು ಜೋಮು ಹಿಡಿದರೂ ಅಲ್ಲಾಡದೆ ಕೂತಿದ್ದಳು. ಮಗು ತಾನಾಗಿ ಎದ್ದು ಅತ್ತಾಗ ಅದರ ತಾಯಿ ಬಂದು ಎತ್ತಿಕೊಂಡಳು. ಬಸ್ಸಿನ ಹೊತ್ತೂ ಆಗಿತ್ತು.