ತಿಕೋಟಾಕ್ಕೆ ತಡವಾಗಿ ಮುಟ್ಟಿದ ಗೋಲು

ಕಳೆದ ವಾರ ಬಬಲೇಶ್ವರದಿಂದ ವಿಜಯಪುರಕ್ಕೆ ಬರುವ ಸಂಜೆಯ ಬಸ್ಸಿನಲ್ಲಿ ಕುಳಿತಿದ್ದೆ. ಸಾರವಾಡದಲ್ಲಿ ಒಬ್ಬಾತ ಹತ್ತಿದ. ಹೆಗಲ ಮೇಲೆ ಹನಿ ನೀರಾವರಿಯ ಕರಿ ಪೈಪಿನ ಸುರುಳಿ, ಮೈಮೇಲೆ ನಮ್ಮ ಕ್ಲಬ್ಬಿನ ಅಂಗಿ. ಬಣ್ಣ ಮಾಸಿತ್ತು, ಎದೆಯ ಮೇಲಿನ ಚಿಹ್ನೆ ಅರ್ಧ ಕಿತ್ತುಹೋಗಿತ್ತು. ಆದರೂ ಅದು ಅದೇ. ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ನೀವೂ ಇವರ ಆಟ ನೋಡುತ್ತೀರೇನು ಎಂದು ಕೇಳಿದೆ. ಆತ ತನ್ನ ಅಂಗಿಯನ್ನು ತಾನೇ ಮೊದಲ ಸಲ ನೋಡುವವನಂತೆ ಬಗ್ಗಿ ನೋಡಿಕೊಂಡ.

"ಯಾರ್ ಆಟ್ರಿ? ಇದು ಸಂತ್ಯಾಗ ತಗೊಂಡಿದ್ರಿ. ತೆಳ್ಳಗ ಐತಿ, ಬಿಸಲಿಗೆ ಚಲೋ ಆಗ್ತೈತಿ."

ನಮ್ಮ ಕ್ಲಬ್ಬು ಎಂದರೆ ಊರಿನ ಯಾವುದೋ ತರುಣ ಸಂಘವೆಂದು ನೀವು ತಿಳಿಯಬಹುದು. ಅಲ್ಲ. ಅದು ಇಂಗ್ಲೆಂಡಿನ ಒಂದು ಫುಟ್‌ಬಾಲ್ ತಂಡ. ಆ ಊರನ್ನು ನಾನು ನೋಡಿಲ್ಲ, ನೋಡುವ ಯೋಗವೂ ಕಾಣಿಸುವುದಿಲ್ಲ. ಹೆಸರು ಹೇಳುವುದಿಲ್ಲ. ಗೆದ್ದವರ ಹೆಸರು ಹೇಳುವುದಕ್ಕೆ ಜಗತ್ತಿನ ತುಂಬ ಜನರಿದ್ದಾರೆ, ಸೋತವರನ್ನು ಸುಮ್ಮನೆ ಬಿಡುವುದೇ ಮರ್ಯಾದೆ.

ಆ ತಂಡ ನನಗೆ ಗಂಟುಬಿದ್ದದ್ದು ಗೌತಮನಿಂದ. ಗೌತಮ ತಿಕೋಟಾದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ನಾನು ಬಬಲೇಶ್ವರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ವಿಜಯಪುರದಲ್ಲಿ ಶಾಂತಕ್ಕ ಎಂಬವರ ಮನೆಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವಿಬ್ಬರೂ ಬಾಡಿಗೆಗಿದ್ದೆವು. ಬೆಳಿಗ್ಗೆ ಒಂದೇ ಬಸ್‌ಸ್ಟ್ಯಾಂಡಿಗೆ ಹೋಗಿ ಅವನು ಒಂದು ದಿಕ್ಕಿನ ಬಸ್ಸು, ನಾನು ಇನ್ನೊಂದು ದಿಕ್ಕಿನ ಬಸ್ಸು ಹಿಡಿಯುತ್ತಿದ್ದೆವು. ಇಬ್ಬರಿಗೂ ಮದುವೆಯಾಗಿರಲಿಲ್ಲ. ನನಗೆ ಯಾಕಾಗಲಿಲ್ಲ ಎಂಬುದು ಬೇರೆಯೇ ಪ್ರಬಂಧ, ಅದರಲ್ಲಿ ಗೋಲುಗಳು ಇನ್ನೂ ಕಡಿಮೆ.

ಒಂದು ಶನಿವಾರ ಎಲ್ಲಿಯೋ ಮಳೆ ಬಂದು ಕ್ರಿಕೆಟ್ ನಿಂತಿತು. ಗೌತಮ ಬೇಸರದಿಂದ ಚಾನೆಲ್ ತಿರುವುತ್ತ ಹೋದ. ಹಚ್ಚಹಸಿರು ಮೈದಾನ, ಅಲ್ಲಿಯೂ ಮಳೆ, ಆದರೆ ಅವರು ಮಳೆಯಲ್ಲೇ ಆಡುತ್ತಿದ್ದರು. ಒಂದು ತಂಡ ಕೆಟ್ಟದಾಗಿ ಸೋಲುತ್ತಿತ್ತು. ಆ ತಂಡದ ಜನ ಮಾತ್ರ ತೊಯ್ಸಿಕೊಂಡು ನಿಂತು ಒಂದೇ ಸಮನೆ ಹಾಡುತ್ತಿದ್ದರು. ಗೌತಮ ರಿಮೋಟು ಕೆಳಗಿಟ್ಟ. ಸೋತರೂ ಹಾಡುತ್ತಾರಲ್ಲ, ಇವರು ನಮ್ಮವರು ಎಂದ. ಅಷ್ಟೇ. ಜನ ಜಾತಕ ನೋಡಿ ಮಾಡುವ ಸಂಬಂಧವೂ ಅಷ್ಟು ಗಟ್ಟಿಯಾಗುವುದಿಲ್ಲ.

ಆಮೇಲೆ ಬಹಳ ವರ್ಷ ನಮ್ಮ ಶನಿವಾರಗಳು ಒಂದೇ ಥರ ಇದ್ದವು. ಮೂಲೆಯ ಗಾಡಿಯಿಂದ ಗಿರಮಿಟ್ಟು, ಮಿರ್ಚಿ ಭಜಿ. ಕಿಟಕಿಯ ಕಡೆಯ ಕುರ್ಚಿ ಅವನಿಗೆ, ಮಂಚ ನನಗೆ. ನಮ್ಮ ಕ್ಲಬ್ಬು ಗೆಲ್ಲುತ್ತಲೂ ಇತ್ತು, ಸೋಲುತ್ತಲೂ ಇತ್ತು. ವರ್ಷದ ಕೊನೆಗೆ ಪಟ್ಟಿಯ ನಡುವೆ ಎಲ್ಲೋ ನಿಲ್ಲುತ್ತಿತ್ತು. ನಾವೂ ಜೀವನದಲ್ಲಿ ಅಲ್ಲೇ ನಿಂತವರಾದ್ದರಿಂದ ತಕರಾರು ಇರಲಿಲ್ಲ. ಮರುದಿನ ಬೆಳಿಗ್ಗೆ ಭೂತನಾಳದ ಕೆರೆಯವರೆಗೆ ನಡೆದು ಹೋಗಿ, ಹಿಂದಿನ ದಿನದ ಆಟವನ್ನು ಮತ್ತೊಮ್ಮೆ ಆಡಿ, ನಮಗೆ ಬೇಕಾದ ಹಾಗೆ ಗೆದ್ದು ಬರುತ್ತಿದ್ದೆವು.

ನಾನು ಹೇಳಹೊರಟ ವರ್ಷ, ಶ್ರಾವಣಕ್ಕೆ ಸ್ವಲ್ಪ ಮೊದಲು, ಎರಡು ಸಂಗತಿ ನಡೆದವು. ಗೋಲು ಹೊಡೆಯುತ್ತಿದ್ದ ನಮ್ಮ ಒಬ್ಬನೇ ಆಳನ್ನು ದೊಡ್ಡ ಕ್ಲಬ್ಬಿನವರು ಕೊಂಡುಕೊಂಡರು. ಗೌತಮನ ಮದುವೆ ಗೊತ್ತಾಯಿತು.

ಹುಡುಗಿ ಎನ್ನುವಂತಿಲ್ಲ, ಅವನದೇ ವಯಸ್ಸಿನವಳು. ತಿಕೋಟಾದ ಆಸ್ಪತ್ರೆಯಲ್ಲಿ ನರ್ಸು, ಹೆಸರು ಸುಜಾತಾ. ಬುದ್ಧನ ಮತ್ತು ಬಾಬಾಸಾಹೇಬರ ಫೋಟೋಗಳ ಮುಂದೆ ಮೇಣದ ಬತ್ತಿ ಹಚ್ಚಿ, ಬಿಳಿ ಬಟ್ಟೆಯುಟ್ಟು, ಗದ್ದಲವಿಲ್ಲದೆ ಮದುವೆಯಾದರು. ನಾನು ಪಾಯಸ ಬಡಿಸಿದೆ. ವೈನಿ, ಅಂದರೆ ನನಗೆ ಅತ್ತಿಗೆಯಾದ ಸುಜಾತಾ, ಒಳ್ಳೆಯವರು. ಅದೇ ತೊಂದರೆ. ಕೆಟ್ಟವರಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಮರುವಾರ ಗೌತಮ ಟ್ರಂಕು, ಹಾಸಿಗೆ ಕಟ್ಟಿಕೊಂಡು ತಿಕೋಟಾಕ್ಕೆ ಹೋದ. ಅಲ್ಲಿ ವೈನಿಯ ತಾಯಿಯೂ ಇದ್ದರು. ಟಿ.ವಿ. ಪೂರ್ತಿ ಅವರ ವಶದಲ್ಲಿತ್ತು, ಸಂಜೆಯಾದರೆ ಧಾರಾವಾಹಿ ಬಿಟ್ಟು ಬೇರೇನೂ ಆ ಮನೆಯಲ್ಲಿ ನಡೆಯುವುದಿಲ್ಲವೆಂದು ಗೌತಮ ನಗುತ್ತ ಹೇಳಿದ್ದ.

ಮೊದಲ ಶನಿವಾರ ಗಾಡಿಯವನು ಎರಡು ಗಿರಮಿಟ್ಟು ಕಟ್ಟಲು ಹೋದ. ಒಂದೇ ಸಾಕು ಎಂದೆ. ಅವನು ಏನೂ ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತು. ಮೇಲೆ ಬಂದು ಕುಳಿತೆ. ನಮ್ಮ ಕ್ಲಬ್ಬು ಸೋತಿತು. ಮುಂದಿನ ವಾರವೂ ಸೋತಿತು. ಚೆಂಡು ತಪ್ಪಿದಾಗಲೆಲ್ಲ ನಾನು ಬೈಯುತ್ತಿದ್ದೆ, ಯಾರಿಗೆ ಎಂದರೆ ಕುರ್ಚಿಗೆ. ನೋಡಿದೆಯೇನೋ, ಎಡಗಡೆ ಯಾರೂ ಇರಲಿಲ್ಲ, ಕೊಡಬೇಕಾಗಿತ್ತಲ್ಲೋ ಎನ್ನುತ್ತಿದ್ದೆ. ಒಂದು ದಿನ ಕೆಳಗಿನಿಂದ ಶಾಂತಕ್ಕ ಎರಡು ಕಪ್ಪು ಚಹಾ ತೆಗೆದುಕೊಂಡು ಮೇಲೆ ಬಂದರು. "ಮಾತು ಕೇಳಾಕತ್ತಿತ್ತು. ಗೌತಮ ಬಂದಾನೇನೋ ಅಂದ್ಕೊಂಡೆ, ತಮ್ಮಾ" ಎಂದರು. ಬಂದಿಲ್ಲ ಎನ್ನಲು ನಾಲಿಗೆ ಬರಲಿಲ್ಲ. ಕೈಕಾಲು ತೊಳೆಯಲು ಹೋಗಿದ್ದಾನೆ ಎಂದು ಹೇಳಿ ಎರಡೂ ಕಪ್ಪು ಇಸಿದುಕೊಂಡೆ. ಅವರು ಹೋದ ಮೇಲೆ ಎರಡನ್ನೂ ನಾನೇ ಕುಡಿದೆ. ಎರಡನೆಯದು ಆರಿತ್ತು.

ಇಂಗ್ಲೆಂಡಿನ ಆ ಪಂದ್ಯಾವಳಿಯ ಒಂದು ನಿಯಮ ನಿಮಗೆ ಹೇಳಬೇಕು. ವರ್ಷದ ಕೊನೆಗೆ ಪಟ್ಟಿಯ ತಳದಲ್ಲಿರುವ ಮೂರು ತಂಡಗಳನ್ನು ಕೆಳಗಿನ ದರ್ಜೆಗೆ ದೂಡುತ್ತಾರೆ. ಸಾಲಿಯಲ್ಲಿ ನಪಾಸಾದವನು ಅದೇ ತರಗತಿಯಲ್ಲಾದರೂ ಕೂಡುತ್ತಾನೆ, ಇಲ್ಲಿ ಹಿಂದಿನ ತರಗತಿಗೆ ಕಳಿಸುತ್ತಾರೆ. ದೀಪಾವಳಿಯ ಹೊತ್ತಿಗೆ ನಮ್ಮವರು ಆ ತಳದಲ್ಲಿದ್ದರು.

ಎದುರಿನವರು ಗೋಲು ಹೊಡೆದ ಕೂಡಲೇ ನಾನು ಗೌತಮನಿಗೆ ಫೋನು ಮಾಡುತ್ತಿದ್ದೆ. ಅದು ನನಗೆ ಉಳಿದಿದ್ದ ಒಂದೇ ದಾರಿ. ಮತ್ತೆ ಬಿತ್ತಲ್ಲೋ ಎನ್ನುತ್ತಿದ್ದೆ. ಮೊದಮೊದಲು ಅವನು ಹೇಗೆ, ಯಾರು ಎಂದೆಲ್ಲ ಕೇಳುತ್ತಿದ್ದ. ಬರಬರುತ್ತ "ಹೌದೇನು? ಆಗಲಿ ಬಿಡು" ಎಂಬುದಷ್ಟೇ ಉಳಿಯಿತು. ಅವನ ಮಾತಿನ ಹಿಂದೆ ಧಾರಾವಾಹಿಯ ಅಳು, ಕುಕ್ಕರಿನ ಸೀಟಿ. ಸಂಸಾರ ಸಿಕ್ಕವನಿಗೆ ಫುಟ್‌ಬಾಲ್ ಯಾಕೆ ಬೇಕು ಎಂದುಕೊಂಡು ಫೋನಿಡುತ್ತಿದ್ದೆ. ಭೂತನಾಳಕ್ಕೆ ಒಬ್ಬನೇ ಹೋಗಿ ನೋಡಿದೆ. ಒಬ್ಬನೇ ನಡೆದರೆ ಆ ದಾರಿ ಉದ್ದ, ಸೋತ ಆಟವನ್ನು ಒಬ್ಬನೇ ಗೆಲ್ಲಿಸಲೂ ಬರುವುದಿಲ್ಲ. ಅರ್ಧಕ್ಕೆ ತಿರುಗಿ ಬಂದೆ.

ಸಂಕ್ರಾಂತಿಯ ಸುಮಾರಿಗೆ ಕ್ಲಬ್ಬಿನವರು ಕೋಚನ್ನು ತೆಗೆದುಹಾಕಿದರು. ಹೊಸಬ ಬಂದ, ಒಂದೆರಡು ಆಟ ಗೆದ್ದ, ನನಗೆ ಆಸೆ ಹುಟ್ಟಿಸಿದ, ಆಮೇಲೆ ಹಳಬನಂತೆಯೇ ಸೋಲತೊಡಗಿದ. ಅಂಥದೊಂದು ಸೋಲಿನ ದಿನ ಫೋನಿನಲ್ಲಿ ಗೌತಮ ಮತ್ತೆ ಆಗಲಿ ಬಿಡು ಎಂದ. ನನಗೆ ತಡೆಯಲಾಗಲಿಲ್ಲ.

"ಏನ್ ಆಗಲಿ ಬಿಡು? ನೀ ಬಿಟ್ಟು ಹೋದಿ, ಅದಕ್ಕ ಹಿಂಗಾಗೇತಿ" ಎಂದೆ.



"ನೀ ಟೀಮಿನ ಮಾತು ಆಡಾಕತ್ತೀಯೋ, ನಿನ್ನ ಮಾತು ಆಡಾಕತ್ತೀಯೋ?" ಎಂದು ಮೆಲ್ಲಗೆ ಕೇಳಿದ.

ನಾನು ಫೋನಿಟ್ಟೆ. ಅಂದಿನಿಂದ ಮಾಡಲಿಲ್ಲ. ಅವನೂ ಮಾಡಲಿಲ್ಲ. ಬಿಸಿಲು ಏರಿತು, ಮಹಡಿಯ ಗಚ್ಚು ಸಂಜೆಯಾದರೂ ಸುಡುತ್ತಿತ್ತು. ನಾನು ಟಿ.ವಿ.ಯ ಸದ್ದು ಏರಿಸಿಕೊಂಡು ನೋಡುತ್ತಿದ್ದೆ. ಆಟ ಮುಗಿದು ಬಂದ್ ಮಾಡಿದ ಮೇಲೆ ಕೋಣೆ ಎಷ್ಟು ನಿಶ್ಶಬ್ದವಾಗುತ್ತಿತ್ತೆಂದರೆ, ಗಡಿಗೆಯ ನೀರು ಜಿನುಗುವುದು ಕೇಳುತ್ತಿತ್ತು.

ಬೇಸಿಗೆ ರಜೆಯ ಒಂದು ದಿನ ವೈನಿಯ ಫೋನು ಬಂತು. ಅವರು ನನಗೆ ಎಂದೂ ಮಾಡಿದವರಲ್ಲ, ಗೌತಮನಿಗೇನಾದರೂ ಆಯಿತೇ ಎಂದೆ. ಅವರು ಸಾವಕಾಶವಾಗಿ ಹೇಳಿದರು.

"ಅಣ್ಣಾರ, ಆದಿತ್ಯವಾರ ನಿಮ್ಮ ಟೀಮಿಂದು ಕಡೀ ಮ್ಯಾಚ್ ಐತಂತಲ್ರಿ. ನೀವು ಇಲ್ಲಿಗೇ ಬರ್ರಿ. ಇವ್ರು ವಾರಾವಾರ ಹೊರಗ ಕಟ್ಟಿ ಮ್ಯಾಲ ಒಬ್ರೇ ಕುಂತು ಮೊಬೈಲ್‌ನ್ಯಾಗ ನೋಡ್ತಾರ. ಮುಖ ಸಣ್ಣದ ಮಾಡ್ಕೊಂಡು ಒಳಗ ಬರ್ತಾರ. ನನಗ ಏನ್ ಹೇಳ್ಬೇಕು ತಿಳಿಯಂಗಿಲ್ರಿ."

ನಾನು ಫೋನು ಹಿಡಿದುಕೊಂಡೇ ನಿಂತೆ. ಅವನು ನೋಡುತ್ತಿದ್ದ. ನಾನಿಲ್ಲಿ, ಅವನಲ್ಲಿ, ಒಂದೇ ಆಟ, ಒಂದೇ ಸೋಲು.

ಆದಿತ್ಯವಾರ ಸಂಜೆಯ ಬಸ್ಸಿಗೆ ತಿಕೋಟಾಕ್ಕೆ ಹೋದೆ. ರಸ್ತೆಯ ಎರಡೂ ಬದಿ ದ್ರಾಕ್ಷಿ ಒಣಹಾಕುವ ಶೆಡ್ಡುಗಳು ಸುಗ್ಗಿ ಮುಗಿಸಿ ಖಾಲಿ ನಿಂತಿದ್ದವು. ಗೌತಮ ಬಸ್‌ಸ್ಟಾಪಿಗೆ ಬಂದಿದ್ದ. ಇಬ್ಬರೂ ಮೊದಲು ಬಿಸಿಲಿನ ಬಗ್ಗೆ ಮಾತಾಡಿದೆವು. ಮನೆಯ ಕಟ್ಟೆಯ ಮೇಲೆ ಕುಳಿತ ಮೇಲೆ, ನೋಡುತ್ತಿದ್ದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಮೊಬೈಲನ್ನು ಕೈಯಲ್ಲಿ ಹೊರಳಿಸುತ್ತ ಕುಳಿತ.

"ನಿಂದು ಟಿ.ವಿ., ನಂದು ಇದು. ಇದ್ರಾಗ ಆಟ ಒಂದೀಟು ತಡಾ ಬರ್ತೈತಿ. ನೀ ಫೋನ್ ಮಾಡಿದಿ ಅಂದ್ರ ಗೋಲ್ ಬಿತ್ತಂತ ತಿಳೀತಿತ್ತು. ಇಲ್ಲಿ ಚೆಂಡು ಇನ್ನಾ ನಮ್ಮವ್ರ ಕಾಲಾಗ ಇರ್ತಿತ್ತು. ಬೀಳೂದು ಗೊತ್ತಿದ್ದು ನೋಡ್ಕೋತ ಕುಂದರ್ತಿದ್ದೆ."

"ಹೇಳಬಾರದೇನೋ?"

"ಹೇಳಿದ್ರ ನೀ ಫೋನ್ ಮಾಡೂದ ಬಿಡ್ತಿದ್ದಿ."

ನನಗೆ ಅವನ ಮುಖ ನೋಡಲಾಗಲಿಲ್ಲ. ಎದುರಿನ ಬೇವಿನ ಗಿಡ ನೋಡುತ್ತ ಕುಳಿತೆ. ಅವನೂ ಅದನ್ನೇ ನೋಡಿದ.

ವೈನಿ ತಾಯಿಯಿಂದ ರಿಮೋಟು ಬಿಡಿಸಿಕೊಂಡಿದ್ದರು. ನಾಲ್ವರೂ ಚಾಪೆಯ ಮೇಲೆ ಕುಳಿತೆವು. ಅಂದು ಗೆದ್ದರೆ ಉಳಿಯುತ್ತಿದ್ದೆವು. ಗೆಲ್ಲಲಿಲ್ಲ, ಸೋಲಲೂ ಇಲ್ಲ. ಸಮ ಸಮ. ಅದು ಸಾಲಲಿಲ್ಲ. ಕೊನೆಗೊಮ್ಮೆ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಆಟಗಾರರು ಅಲ್ಲಲ್ಲೇ ಹುಲ್ಲಿನ ಮೇಲೆ ಕುಸಿದು ಕುಳಿತರು. ಒಬ್ಬ ಅಂಗಿಯಿಂದ ಮುಖ ಮುಚ್ಚಿಕೊಂಡ. ಆಮೇಲೆ ವೈನಿಯ ತಾಯಿ ಚಿಂತೆಯಿಂದ ಕೇಳಿದರು: "ಇನ್ ಇವ್ರಿಗೆ ಊಟ ಯಾರ್ ಹಾಕ್ತಾರ, ಬೇ?"

ಸುಜಾತಾ ವೈನಿ ಬಾಯಿಗೆ ಸೆರಗು ಹಿಡಿದರು. ಗೌತಮ ನಕ್ಕ. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡ. ಅವನು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಅವನ ತೊಡೆಯ ಮೇಲೆ ಕೈಯಿಟ್ಟೆ. ವೈನಿ ಎದ್ದು ರೊಟ್ಟಿ, ಝುಣಕ ತಂದಿಟ್ಟರು.

ಆ ರಾತ್ರಿ ಅಲ್ಲೇ ಉಳಿದು ಮರುದಿನ ಊರಿಗೆ ಬಂದೆ. ನಮ್ಮ ಕ್ಲಬ್ಬು ಇಂದಿಗೂ ಮೇಲೆ ಬಂದಿಲ್ಲ. ಕೆಳಗಿನ ದರ್ಜೆಯ ಆಟವನ್ನು ನಮ್ಮ ಟಿ.ವಿ.ಯಲ್ಲಿ ತೋರಿಸುವುದಿಲ್ಲ. ಗೌತಮನಿಗೆ ಈಗ ಒಬ್ಬಳು ಮಗಳಿದ್ದಾಳೆ, ಅವನು ವಿಜಯಪುರಕ್ಕೆ ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. ನನ್ನ ಶನಿವಾರಗಳು ಪೂರ್ತಿ ಖಾಲಿ. ಈಗ ಬೈಯಲು ಸೋಲೂ ಇಲ್ಲ.

ಆ ಅಂಗಿಯವನು ಇಳಿದುಹೋದ ಸಂಜೆ, ಮನೆಗೆ ಬಂದು ದೀಪ ಹಾಕಿ, ಬೂಟು ಕಳಚುವ ಮೊದಲೇ ತಿಕೋಟಾಕ್ಕೆ ಫೋನು ಹಚ್ಚಿದೆ. ಅಂಗಿಯ ಕಥೆ ಹೇಳುವ ನೆಪ ಒಂದಿತ್ತು, ಆದರೆ ಅವನ ದನಿ ಕೇಳಿದ ಕೂಡಲೇ ಅದು ಬೇಕೆನಿಸಲಿಲ್ಲ. ಅವನು ಗಾಬರಿಯಾದಂತೆ ಏನಾಯಿತು ಎಂದು ಕೇಳಿದ.

"ಏನೂ ಆಗಿಲ್ಲ" ಎಂದೆ.

"ಹಂಗಾರ ಹೇಳು" ಎಂದ. ಅವನು ಕಟ್ಟೆಯ ಮೇಲೆ ಕುಳಿತುಕೊಳ್ಳುವ ಸಪ್ಪಳ ಕೇಳಿಸಿತು.