ಅಮ್ಮನ ಪೆನ್ಸಿಲ್ ಪ್ಯಾಕಿಂಗ್ ಕೆಲಸ

ನಮ್ಮ ಬೀದಿಯಲ್ಲಿ ನನ್ನ ಬಾಯಿಗೆ ಸಿಗದವರು ಯಾರೂ ಇಲ್ಲ. ಸೊಪ್ಪು ಮಾರುವವನು, ನೀರಿನ ಬಿಲ್ಲು ಕೊಡುವವನು, ಎದುರುಮನೆಯ ಮೇಷ್ಟ್ರು, ಎಲ್ಲರ ದನಿಯೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದೆ. ಗಣೇಶನ ಪೆಂಡಾಲಿನಲ್ಲಿ ಮೈಕು ಕೈಗೆ ಸಿಕ್ಕರೆ ಅರ್ಧ ಬನ್ನಿಮಂಟಪ ಬಡಾವಣೆಯನ್ನು ನಗಿಸುತ್ತೇನೆ. ಗಣೇಶ ನೀರಿಗೆ ಹೋದ ಮೇಲೆ ನಾನೂ ಮುಳುಗುತ್ತೇನೆ. ಬಿ.ಕಾಂ. ಮುಗಿಸಿದವನಿಗೆ ವರ್ಷದ ಮಿಕ್ಕ ದಿನಗಳಲ್ಲಿ ಇರುವುದು ಒಂದೇ ಉದ್ಯೋಗ, ಮನೆಯಲ್ಲಿ ಕೂತು ಉದ್ಯೋಗ ಹುಡುಕುವುದು. ಅದೂ ವರ್ಕ್ ಫ್ರಂ ಹೋಮೇ ತಾನೆ? ಸಂಬಳವೊಂದಿಲ್ಲ, ಅಷ್ಟೆ.

ಮನೆಯಲ್ಲಿ ಕೂತು ನಿಜವಾಗಿ ದುಡಿದವಳು ನಮ್ಮಮ್ಮ. ಆ ಇಂಗ್ಲಿಷ್ ಹೆಸರು ನಮ್ಮ ಕಿವಿಗೆ ಬೀಳುವ ಎಷ್ಟೋ ಮೊದಲು ಊದುಬತ್ತಿ ಹೊಸೆಯುತ್ತಿದ್ದಳು. ಕಂಟ್ರಾಕ್ಟರ್ ಬಿದಿರುಕಡ್ಡಿ, ಅದಕ್ಕೆ ಮೆತ್ತುವ ಕಪ್ಪು ಮಸಾಲೆ ತಂದು ಹಾಕುತ್ತಿದ್ದ. ಹೊಸೆದು ಒಣಗಿಸಿದ್ದನ್ನು ಎಣಿಸಿ ಒಯ್ಯುತ್ತಿದ್ದ. ಶಾಲೆಯಲ್ಲಿ ನನ್ನ ಪಕ್ಕ ಕೂತವರಿಗೆಲ್ಲ ದೇವಸ್ಥಾನಕ್ಕೆ ಹೋಗಿಬಂದ ಪುಣ್ಯ. ಆಮೇಲೆ ಮೆಷಿನ್ನು ಬಂತು, ಕಂಟ್ರಾಕ್ಟರ್ ಬರುವುದು ನಿಂತಿತು. ಅಮ್ಮನ ಕೈಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಲಿಲ್ಲ. ಟೀವಿ ನೋಡುವಾಗಲೂ ಅಂಗೈ ತೊಡೆಯ ಮೇಲೆ ಏನನ್ನೋ ಉರುಳಿಸುತ್ತಲೇ ಇರುತ್ತಿತ್ತು.

ಇಂಥವಳ ಫೋನಿಗೆ ಆ ಜಾಹೀರಾತು ಬಂತು. ಪೆನ್ಸಿಲ್ಲುಗಳನ್ನು ಹತ್ತು ಹತ್ತು ಎಣಿಸಿ ಡಬ್ಬಿಗೆ ತುಂಬಬೇಕು. ಮಾಲು ಬಾಗಿಲಿಗೇ ಬರುತ್ತದೆ, ಅವರೇ ಬಂದು ಒಯ್ಯುತ್ತಾರೆ. ತಿಂಗಳ ಸಂಬಳ ಓದಿ ನಾನು ನಕ್ಕೆ.

"ಇಷ್ಟು ಕೊಡೋದಾದ್ರೆ ಪೆನ್ಸಿಲ್ ಒಳಗೆ ಸೀಸ ಅಲ್ಲ ಕಣಮ್ಮ, ಚಿನ್ನ ಇರ್ಬೇಕು."

"ನಗು, ನಗು. ನಾನು ನಾಕು ಕಾಸು ದುಡುದ್ರೆ ನಿಂಗೆ ಒಟ್ಟೆ ಉರಿ."

ಸೂಪರ್‌ವೈಸರ್ ಎಂದು ಹೇಳಿಕೊಂಡವನೊಬ್ಬ ಫೋನ್ ಮಾಡಿದ. ಮಾತಿಗೊಂದು ಮೇಡಂ. ಗುರುತಿನ ಚೀಟಿಗೆ ಮೊದಲು ದುಡ್ಡು ಕಳಿಸಬೇಕಂತೆ.

"ಕೆಲಸ ಕೊಡೋನು ದುಡ್ಡು ಕೇಳಲ್ಲ ಕಣಮ್ಮ. ಕೇಳಿದ ಅಂದ್ರೆ ಅವನು ಕಳ್ಳ, ಮುಗೀತು."

"ಕಂಟ್ರಾಕ್ಟ್ರು ಇಸ್ಕೊತಿರ್ಲಿಲ್ವಾ ಡಿಪಾಜಿಟ್ಟು? ಮಾಲು ಎತ್ಕಂಡು ಓಡೋಗ್ಬಾರ್ದು ಅಂತ? ನಂಬ್ಕೆ ಇಲ್ದೆ ಯಾರ್ಲಾ ಮಾಲು ಕೊಡ್ತಾರೆ?"

ಆ ಡಿಪಾಜಿಟ್ಟು ಕಟ್ಟಿ ಪಡೆದ ಕೆಲಸದಿಂದಲೇ ಅವಳು ನನ್ನನ್ನು ಓದಿಸಿದ್ದು.

ಸಿದ್ಧಾರ್ಥನಗರದ ಒಂದು ಮದುವೆ ಆರ್ಕೆಸ್ಟ್ರಾದಲ್ಲಿ ನಾನು ಹಾಸ್ಯ ಮಾಡುತ್ತಿದ್ದ ಸಂಜೆ ಅಮ್ಮ ದುಡ್ಡು ಕಳಿಸಿಬಿಟ್ಟಿದ್ದಳು. ಗುರುತಿನ ಚೀಟಿ ಫೋನಿಗೇ ಬಂತು. ಅಮ್ಮನ ಫೋಟೋ, ಕೆಳಗೆ 'ಸೀನಿಯರ್ ಪ್ಯಾಕರ್'. ಸೇರಿದ ದಿನವೇ ಬಡ್ತಿ! "ಸೀನಿಯರ್ ಮೇಡಂ, ಒಂದು ಕಾಫಿ ಸಿಗುತ್ತಾ?" ಎಂದೆ. ಅವಳು ನಿಜವಾಗಿಯೂ ನಾಚಿಕೊಂಡಳು.

ಮುಂದಿನ ಕೋಣೆಯ ಮಂಚ ಗೋಡೆಗೆ ಸರಿಯಿತು. ಮಾಲು ಇಳಿಸಲು ಹಳೇ ಜಮಖಾನ ಹಾಸಿದಳು. ಹಿಂದಿನ ಬೀದಿಯಲ್ಲಿರುವ, ಅವಳ ಜೊತೆಗೇ ಊದುಬತ್ತಿ ಹೊಸೆಯುತ್ತಿದ್ದ ಗೆಳತಿಗೂ ಆ ನಂಬರು ಕೊಟ್ಟಳು. ಎಲ್ಲಾದರೂ ಮಾಲು ಬಂತೆಂದು ಕಿವಿಗೆ ಬಿದ್ದರೆ ಒಬ್ಬಳೇ ಬಾಚಿಕೊಳ್ಳುವ ರೂಢಿ ಆ ಹೆಂಗಸರಲ್ಲಿ ಇರಲಿಲ್ಲ. ಗೆಳತಿಯೂ ದುಡ್ಡು ಕಳಿಸಿದಳು.

ಆಮೇಲೆ ಪರೀಕ್ಷೆ. ಪೆನ್ಸಿಲ್ ತುಂಬುವುದನ್ನು ವಿಡಿಯೋ ಮಾಡಿ ಕಳಿಸಬೇಕು. ಅಮ್ಮ ಮೂಲೆಯಂಗಡಿಯಿಂದ ಪೆನ್ಸಿಲ್ ತಂದು ತುಂಬಿದಳು, ನಾನೇ ಫೋನ್ ಹಿಡಿದೆ. ಅಷ್ಟರಲ್ಲಿ ನನಗೆ ಜಗಳ ಆಡುವ ಶಕ್ತಿ ಹೋಗಿತ್ತು. ಮರುದಿನ ಸೂಪರ್‌ವೈಸರ್ ಫೋನಿನಲ್ಲಿ ಹೇಳಿದ, "ಮೇಡಂ, ನಿಮ್ಮ ಕೈ ಸ್ವಲ್ಪ ನಿಧಾನ. ಕಂಪನಿ ರಿಜೆಕ್ಟ್ ಮಾಡಿದೆ. ಟ್ರೈನಿಂಗ್ ಫೀ ಕಟ್ಟಿದರೆ ಇನ್ನೊಂದು ಚಾನ್ಸ್ ಕೊಡಿಸ್ತೀನಿ." ಗೆಳತಿಗೆ ಹೇಳಿದ್ದು ಬೇರೆ. ಅವಳ ಕೈ ತುಂಬಾ ಚೆನ್ನಾಗಿದೆಯಂತೆ, ಮಾಲು ಹೊರಟೇಬಿಟ್ಟಿದೆಯಂತೆ, ಕೊರಿಯರ್ ಖರ್ಚು ಕಳಿಸಿದರೆ ಸಾಕಂತೆ.

ಅಮ್ಮನಿಗೆ ಸಿಟ್ಟು ಬಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬರಲಿಲ್ಲ. ಕಂಟ್ರಾಕ್ಟರನೂ ಸೊಟ್ಟಗಿದ್ದ ಕಡ್ಡಿಗಳನ್ನು ಆರಿಸಿ ಬದಿಗೆ ಎಸೆಯುತ್ತಿದ್ದನಲ್ಲ.

"ಮೋಸ ಅಲ್ಲ ಕಣೋ. ನನ್ ಕೈ ಓಯ್ತು."

ಟ್ರೈನಿಂಗ್ ಫೀಯನ್ನೂ ಕಟ್ಟಿದಳು. ಮಧ್ಯಾಹ್ನವೆಲ್ಲ ಜಮಖಾನದ ಮೇಲೆ ಕೂತು ಅದೇ ಪೆನ್ಸಿಲ್ಲುಗಳನ್ನು ತುಂಬುವಳು, ಸುರಿಯುವಳು, ಮತ್ತೆ ತುಂಬುವಳು. ನಗಿಸೋಣವೆಂದು ನಾನು ಸೂಪರ್‌ವೈಸರನ ದನಿ ತೆಗೆದೆ. ಮೂಗಿನಲ್ಲಿ ಮಾತು, ಮಾತಿನ ತುದಿಗೆ ಒಂದು ಜಾರುವ 'ಮೇಡಂ'. ಚೆನ್ನಾಗಿಯೇ ಬಂತು. ಅಮ್ಮ ತಲೆ ಎತ್ತಲಿಲ್ಲ.

"ಆಡ್ಕೋಬೇಡ. ಅವ್ರು ಮರ್ಯಾದೆ ಕೊಟ್ಟು ಮಾತಾಡ್ಸ್ತಾರೆ."

ನಾನು ಕೊಡುತ್ತಿರಲಿಲ್ಲವೇ ಎಂದು ಕೇಳಬಹುದಿತ್ತು. ಕೇಳಿದ್ದರೆ ಉತ್ತರ ಬರುತ್ತಿತ್ತು.

ಕೊನೆಗೆ ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ತೆಗೆದೆ. ಅಮ್ಮನನ್ನು ಎದುರು ಕೂರಿಸಿಕೊಂಡು, ಸ್ಪೀಕರ್ ಹಾಕಿ, ಬೇರೆ ನಂಬರಿನಿಂದ ಅವನಿಗೆ ಫೋನ್ ಮಾಡಿದೆ. ಉದಯಗಿರಿಯ ಹಲ್ಲಿಲ್ಲದ ಮುದುಕಿಯಾದೆ.

"ಪೆನ್ಸಿಲ್ ಕೆಲ್ಸ ಕೊಡ್ತೀಯಂತಲ್ಲಪ್ಪಾ. ನಂಗೆ ಕಣ್ಣು ಕಾಣಕ್ಕಿಲ್ಲ. ಕೈ ನಡುಗ್ತದೆ. ಹತ್ತರವರ್ಗೆ ಎಣ್ಸಕ್ಕೂ ಬರಕ್ಕಿಲ್ಲ."

"ಪರವಾಗಿಲ್ಲ ಮೇಡಂ, ನಿಮ್ಮಂಥವರೇ ನಮಗೆ ಬೇಕು. ನೀವು ಸೆಲೆಕ್ಟ್ ಆಗಿದ್ದೀರಿ. ಗುರುತಿನ ಚೀಟಿಗೆ ಮಾತ್ರ ಸ್ವಲ್ಪ..."

ಫೋನ್ ಇಟ್ಟು ಅಮ್ಮನನ್ನು ನೋಡಿದೆ. ನಾಚಿಕೆಗೆಟ್ಟವನು, ಪೆಂಡಾಲಿನಲ್ಲಿ ಕಾಯುವ ಹಾಗೆ ಚಪ್ಪಾಳೆಗೆ ಕಾದೆ ಅನಿಸುತ್ತದೆ.

ಅಮ್ಮ ಕೇಳಿದಳು, "ಅಂಗಾದ್ರೆ ಪೆನ್ಸಿಲ್ಲೇ ಇರ್ಲಿಲ್ವಾ?"

ಕಂಟ್ರಾಕ್ಟರನೂ ಸಾಚಾ ಮನುಷ್ಯನಲ್ಲ. ತೂಕದಲ್ಲಿ ಹೊಡೆಯುತ್ತಿದ್ದ, ಎಣಿಕೆಯಲ್ಲಿ ಹೊಡೆಯುತ್ತಿದ್ದ. ಆದರೆ ಅಲ್ಲಿ ಮಸಾಲೆಯಿತ್ತು, ಉಗುರಿನ ಸಂದಿಯ ಕಪ್ಪು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಇಲ್ಲಿ ಕೈ ಹಾಕಿದರೆ ಬರೀ ಗಾಳಿ. ಕೈ ನಿಧಾನವಾಯಿತು ಎಂದುಕೊಂಡಿದ್ದಾಗ ಅವಳಿಗೆ ಅಭ್ಯಾಸ ಮಾಡುವುದಕ್ಕಾದರೂ ಒಂದು ಕಾರಣವಿತ್ತು. ನಾನು ಜಾಣತನದಿಂದ ಅದನ್ನೂ ಕಿತ್ತುಕೊಂಡೆ. ಬೇರೆ ದಾರಿ ಇತ್ತೇ? ನನಗೆ ಇವತ್ತಿಗೂ ತೋಚಿಲ್ಲ.

ಸೈಬರ್ ದೂರಿನ ನಂಬರಿಗೆ ಫೋನ್ ಮಾಡಿದೆ. ತಾಳ್ಮೆಯಿಂದ ಬರೆದುಕೊಂಡರು. ದುಡ್ಡು ವಾಪಸು ಬರುವ ಮಾತನ್ನು ಅವರೂ ಆಡಲಿಲ್ಲ, ನಾವೂ ಕೇಳಲಿಲ್ಲ.

ಉಳಿದದ್ದು ಹಿಂದಿನ ಬೀದಿಯ ಗೆಳತಿ. ಕೊರಿಯರ್ ಖರ್ಚು ಕಳಿಸಿ ಬಾಗಿಲು ಕಾಯುತ್ತಿದ್ದಳು. ಇನ್ನೂ ಏನೋ ಟ್ಯಾಕ್ಸು ಕಟ್ಟಬೇಕೆಂದು ಅವಳಿಗೆ ಹೊಸ ಮೆಸೇಜು ಬಂದಿತ್ತು.

"ನೀನೇ ನನ್ ದನೀಲಿ ಯೇಳ್ಬುಡು," ಎಂದಳು ಅಮ್ಮ. "ನನ್ ಕೈಲಾಗಲ್ಲ."

ಫೋನ್ ಮಾಡಿದೆ. ಆಕೆ ತಕ್ಷಣ ಎತ್ತಿದಳು. "ಅಕ್ಕಾ! ನಿಮ್ಗೆ ಮಾಲು ಬಂತಾ?"

"ಇಲ್ಲ ಕಣಮ್ಮ. ಒಂದು ವಿಷ್ಯ..." ಎಂದೆ, ಅಮ್ಮನ ದನಿಯಲ್ಲಿ.

"ಲೋ, ನೀನೇನ್ಲಾ! ನಿಮ್ಮಮ್ಮ ಯಾವತ್ತು ಇಷ್ಟು ಮೆಲ್ಲುಗೆ ಮಾತಾಡವ್ರೆ? ನಿಂಗೆ ಎಲ್ಲಾ ಆಟ. ಅಕ್ಕಂಗೆ ಕೊಡು."

ಅಮ್ಮ ಕೈ ಚಾಚಿ ಫೋನ್ ತೆಗೆದುಕೊಂಡಳು.

"ದುಡ್ಡು ಕಳಿಸ್ಬೇಡ ಕಣಮ್ಮ. ಕಳ್ಳರು ಅವ್ರು. ಪೆನ್ಸಿಲ್ಲೇ ಇಲ್ವಂತೆ. ನಾನೇ ನಿನ್ನ ಸೇರ್ಸ್ಬುಟ್ಟೆ."

ಆ ಕಡೆ ಕುಕ್ಕರ್ ಒಮ್ಮೆ ಕೂಗಿ ನಿಂತಿತು.

"ನನ್ ಕೈ ಚೆನ್ನಾಗೈತೆ ಅಂದ್ನಲ್ಲಕ್ಕಾ."

ಅಮ್ಮ ಗೋಡೆಗೆ ಒರಗಿದಳು. "ಊಂ ಕಣಮ್ಮ," ಎಂದಳು. "ಚೆನ್ನಾಗೇ ಐತೆ."